ಎದುರು ಕೂತವರ ಪಾಲು

ಮೈಸೂರಿನ ಜಗನ್ಮೋಹನ ಅರಮನೆಯ ಆರ್ಟ್ ಗ್ಯಾಲರಿಗೆ ಹೋದವರು ನೋಡದೆ ಬಾರದ ಚಿತ್ರವೊಂದಿದೆ. ದೀಪ ಹಿಡಿದ ಹೆಣ್ಣುಮಗಳು. ಒಂದು ಕೈಯಲ್ಲಿ ದೀಪ, ಗಾಳಿಗೆ ಆರದಿರಲೆಂದು ಅಡ್ಡ ಹಿಡಿದ ಇನ್ನೊಂದು ಕೈ. ಬೆರಳಂಚುಗಳು ಒಳಗಿನಿಂದಲೇ ಕೆಂಪೇರಿದಂತಿವೆ. ಕೆನ್ನೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಸೀರೆಯ ಮಡಿಕೆಗಳಿಗೆ ಬೆಳಕು ಹಂತಹಂತವಾಗಿ ಇಳಿದು ಕತ್ತಲಲ್ಲಿ ಕರಗುತ್ತದೆ. ಇದನ್ನು ಬರೆದವರು ಯಾರು ಎಂದು ಕೇಳಿದರೆ ಇಂದಿಗೂ ಎಷ್ಟೋ ಮಂದಿ ‘ರವಿವರ್ಮ’ ಎನ್ನುತ್ತಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ ಹುಟ್ಟಿದ್ದು 1940ರ ದಶಕದ ನಡುವಿನಲ್ಲಿ. ಬರೆದವರು ಸಾವಂತವಾಡಿ ಮೂಲದ, ಮುಂಬಯಿಯಲ್ಲಿ ಬಾಳಿದ ಎಸ್.ಎಲ್. ಹಳದಣಕರ್ (1882–1968). ಎಣ್ಣೆಬಣ್ಣ ಎಂದು ನೋಡುವವರು ಭ್ರಮಿಸುವ ಈ ಕೃತಿ ಜಲವರ್ಣದ್ದು. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ದೀಪಾವಳಿಯ ಹೊತ್ತಿನಲ್ಲಿ ಸೀರೆಯುಟ್ಟು ಅಪ್ಪನ ಮುಂದೆ ಗಂಟೆಗಟ್ಟಲೆ ನಿಂತದ್ದನ್ನು ಅವರು ಮುಪ್ಪಿನಲ್ಲೂ ನೆನೆಯುತ್ತಿದ್ದರು. 2018ರಲ್ಲಿ, 102ನೇ ವಯಸ್ಸಿನಲ್ಲಿ, ಕೊಲ್ಹಾಪುರದಲ್ಲಿ ತೀರಿಕೊಂಡರು.

ಚಿತ್ರಕಾರನ ಹೆಸರು ತಪ್ಪಿದರೆ ಅದನ್ನು ತಿದ್ದಲು ಜನರಿದ್ದಾರೆ. ಪತ್ರಿಕೆಗಳು ಬರೆಯುತ್ತವೆ, ಬಲ್ಲವರು ರೇಗುತ್ತಾರೆ. ನಿಂತವಳ ಹೆಸರನ್ನು ಯಾರೂ ಕೇಳುವುದೇ ಇಲ್ಲ. ಎದುರಿಗಿದ್ದ ಮನುಷ್ಯರು ಕಲಾವಿದನ ಕೈಗೆ ಒದಗಿದ ಸಾಮಗ್ರಿ, ಬಣ್ಣ ಕುಂಚಗಳ ಸಾಲಿಗೆ ಸೇರಿದವರು ಎಂದು ನಾವು ಒಪ್ಪಿಬಿಟ್ಟಿದ್ದೇವೆ. ಈ ಲೇಖನದ ವಾದ ಅದಕ್ಕೆ ವಿರುದ್ಧವಾದದ್ದು. ಜೀವಂತ ವ್ಯಕ್ತಿಯನ್ನು ಎದುರು ಕೂರಿಸಿ ಬರೆದ ಚಿತ್ರಕ್ಕೆ ಇಬ್ಬರು ಕರ್ತೃಗಳು. ಕೂತವರು ತಮ್ಮ ಹೊತ್ತು, ದಣಿವು, ಸಂಕೋಚ, ಹಟ ಎಲ್ಲವನ್ನೂ ಆ ಚಿತ್ರಕ್ಕೆ ಕೊಟ್ಟಿರುತ್ತಾರೆ. ಅದನ್ನು ಪಡೆದುಕೊಳ್ಳುವ ಯೋಗ್ಯತೆಗಾಗಿ ಚಿತ್ರಕಾರ ವರ್ಷಗಟ್ಟಲೆ ಕಣ್ಣು ಪಳಗಿಸುತ್ತಾನೆ. ವ್ಯಕ್ತಿಚಿತ್ರಕ್ಕೆ ಬಾಳನ್ನೇ ಮುಡಿಪಿಟ್ಟವರ ನಿಷ್ಠೆಯನ್ನು ಕೈಚಳಕದ ಲೆಕ್ಕದಲ್ಲಿ ಅಳೆದರೆ ಸಾಲದು. ಇನ್ನೊಬ್ಬರ ಇರವನ್ನು ಎಷ್ಟು ಹೊತ್ತು, ಎಷ್ಟು ಮರ್ಯಾದೆಯಿಂದ ತಾಳಿಕೊಳ್ಳಬಲ್ಲರು ಎಂಬುದರಿಂದ ಅಳೆಯಬೇಕು.

ಮೈಸೂರಿನಲ್ಲಿ ಕೂತು ಈ ಮಾತು ಹೇಳಲು ಕಾರಣವಿದೆ. ಕಳೆದ ಎರಡು ಶತಮಾನಗಳಲ್ಲಿ ಈ ಊರು ಕಂಡಷ್ಟು ಬಗೆಯ ಭಾವಚಿತ್ರಗಳನ್ನು ಕರ್ನಾಟಕದ ಬೇರೆ ಊರು ಕಂಡಿರಲಾರದು. ಶ್ರೀರಂಗಪಟ್ಟಣ ಬಿದ್ದ ಮೇಲೆ ಬಂದ ಐರಿಷ್ ಚಿತ್ರಕಾರ, ಚಿನ್ನದ ಹಾಳೆ ಅಂಟಿಸಿ ಅರಸರನ್ನು ಬರೆದ ಚಿತ್ರಗಾರರು, ರವಿವರ್ಮ, ವೆಂಕಟಪ್ಪ, ಅರಮನೆಯ ಗೋಡೆಗೆ ದಸರಾ ಮೆರವಣಿಗೆಯನ್ನೇ ಇಳಿಸಿದ ಕಲಾವಿದರು, ಬೀದಿಯಲ್ಲಿ ನಿಂತು ಗೀಚುತ್ತಿದ್ದ ಆರ್.ಕೆ. ಲಕ್ಷ್ಮಣ್, ಕಲಾಶಾಲೆಯ ಸ್ಟೂಲಿನ ಮೇಲೆ ದಿನವಿಡೀ ಕೂರುವ ಮಾಡೆಲ್. ಇವರನ್ನೆಲ್ಲ ಒಂದೇ ಪ್ರಶ್ನೆಯ ಮುಂದೆ ನಿಲ್ಲಿಸಬಹುದು: ಎದುರಿಗಿದ್ದವರಿಗೆ ಚಿತ್ರದಲ್ಲಿ ಎಷ್ಟು ಪಾಲು ದಕ್ಕಿತು?

ಮೊದಲ ಉದಾಹರಣೆ ಥಾಮಸ್ ಹಿಕಿ (1741–1824) ಅವರದು. 1799ರ ಯುದ್ಧದ ಬೆನ್ನಿಗೇ ಶ್ರೀರಂಗಪಟ್ಟಣಕ್ಕೆ ಬಂದು, ಇಂಗ್ಲಿಷ್ ಅಧಿಕಾರಿಗಳನ್ನೂ ಟಿಪ್ಪುವಿನ ಮಕ್ಕಳನ್ನೂ ಸೀಮೆಸುಣ್ಣದಲ್ಲಿ ಬರೆದವರು ಇವರು. 1805ರ ಸುಮಾರಿನ ಅವರ ಒಂದು ಎಣ್ಣೆಬಣ್ಣದ ಚಿತ್ರದಲ್ಲಿ ಒಡವೆ ಹೇರಿಕೊಂಡ ಮೂವರು ಹೆಂಗಸರು ನಿಂತಿದ್ದಾರೆ. ಬಹುಕಾಲ ಇವರನ್ನು ನರ್ತಕಿಯರೋ ವೇಶ್ಯೆಯರೋ ಎಂದು ತಿಳಿಯಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸಲರ್ ಇದನ್ನು ಒಪ್ಪಲಿಲ್ಲ. ಇವರು ಮೈಸೂರಿನ ರಾಣಿವಾಸದವರು, ಒಬ್ಬಳು ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿ ದೇವಾಜಮ್ಮಣ್ಣಿ, ಸೆರಗನ್ನು ತುಸು ಸರಿಸಿ ತೋಳು ತೋರಿಸುತ್ತಿರುವುದು ಸಿಡುಬಿಗೆ ಹಾಕಿಸಿಕೊಂಡ ಲಸಿಕೆಯ ಜಾಗವನ್ನು ಎಂಬುದು ಅವರ ವಾದ. ಜೆನ್ನರನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಜನ ಅದನ್ನು ಹೆದರಿಕೆಯಿಂದ ನೋಡುತ್ತಿದ್ದ ಕಾಲ. ರಾಣಿಯೇ ಹಾಕಿಸಿಕೊಂಡಳೆಂದರೆ ಮಿಕ್ಕವರ ಅಳುಕು ಕಡಿಮೆಯಾಗುತ್ತದೆ.

ಈ ವಾದ ಸರಿಯೆಂದು ಇಟ್ಟುಕೊಂಡರೆ ಆ ಚಿತ್ರದ ಅರ್ಥವೇ ಬದಲಾಗುತ್ತದೆ. ಪರಪುರುಷನ, ಅದರಲ್ಲೂ ಪರದೇಶಿಯ ಎದುರು ನಿಲ್ಲುವುದು ಅಂತಃಪುರದ ಹೆಂಗಸರಿಗೆ ಸಣ್ಣ ಸಂಗತಿಯಲ್ಲ. ನಿಂತರು ಎಂದರೆ ಒಂದು ಉದ್ದೇಶಕ್ಕಾಗಿ ನಿಂತರು. ಸೆರಗು ಎಷ್ಟು ಸರಿಯಬೇಕು, ಬೆರಳು ಎಲ್ಲಿಗೆ ಹೋಗಬೇಕು ಎಂಬ ತೀರ್ಮಾನದಲ್ಲಿ ಅವರ ಪಾಲೂ ಇದೆ. ಮೈಮೇಲಿನ ಒಂದು ಗುರುತನ್ನು ಊರಿಗೆ ತೋರಿಸಲು ಅವರು ಚಿತ್ರಕಾರನನ್ನು ಬಳಸಿಕೊಂಡರು ಎಂದೂ ಹೇಳಬಹುದು. ಹೆಸರು ಕಳೆದುಹೋದ ಕೂಡಲೇ ಆದದ್ದೇನು? ಅರಸಿಯರು ಕುಣಿಯುವವರಾದರು, ಹೇಳಬಂದ ಮಾತು ಬರಿಯ ಬೆಡಗಾಯಿತು. ಕೂತವರ ಹೆಸರು ಬರೆದಿಡದೆ ಹೋದರೆ ನಷ್ಟವಾಗುವುದು ಶಿಷ್ಟಾಚಾರ ಮಾತ್ರ ಎಂದುಕೊಂಡವರಿಗೆ ಇದೊಂದೇ ಉತ್ತರ ಸಾಕು. ನಷ್ಟವಾಗುವುದು ಚಿತ್ರದ ಅರ್ಥ.

ಇನ್ನು ರವಿವರ್ಮ. ಚಾಮರಾಜೇಂದ್ರ ಒಡೆಯರ ಕರೆಯ ಮೇಲೆ 1885ರಲ್ಲಿ ಮೈಸೂರಿಗೆ ಬಂದು ರಾಜಮನೆತನದವರ ಭಾವಚಿತ್ರಗಳನ್ನು ಬರೆದರು. ಬದುಕಿನ ಕೊನೆಯ ವರ್ಷಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕೇಳಿಕೆಯಂತೆ ಅರಮನೆಗಾಗಿ ಒಂಬತ್ತು ಪೌರಾಣಿಕ ಚಿತ್ರಗಳನ್ನು ಮಾಡಿಕೊಟ್ಟರು. ಅವರ ಸೀತೆ, ದಮಯಂತಿ, ಶಕುಂತಲೆಯರ ಹಿಂದೆ ನಿಜವಾದ ಹೆಂಗಸರು ಇದ್ದರು. ಬಟ್ಟೆ, ಒಡವೆ, ನಿಲುವು ಎಲ್ಲವನ್ನೂ ಕಣ್ಣೆದುರು ಜೋಡಿಸಿಕೊಂಡು ಬರೆಯುತ್ತಿದ್ದರು. ಆನಂದ ಕುಮಾರಸ್ವಾಮಿಯವರಂಥ ವಿಮರ್ಶಕರಿಗೆ ಇದೇ ಆಕ್ಷೇಪಣೆಯಾಯಿತು: ದೇವರುಗಳು ನಾಟಕದ ಪಾತ್ರಧಾರಿಗಳಂತೆ ಕಾಣುತ್ತಾರೆ, ಮೈಯಿದೆ, ದೈವತ್ವವಿಲ್ಲ.

ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಕಾರಣವನ್ನು ಮಾತ್ರ ತಪ್ಪು ಜಾಗದಲ್ಲಿ ಹುಡುಕಲಾಯಿತು. ಜೀವಂತ ಮಾಡೆಲ್ ಇಟ್ಟುಕೊಂಡದ್ದರಿಂದ ಆ ಚಿತ್ರಗಳು ಸೊರಗಲಿಲ್ಲ. ಎದುರಿಗಿದ್ದವಳನ್ನು ಅವಳಾಗಿಯೇ ಇರಲು ಬಿಡದೆ ದಮಯಂತಿಯಾಗಿಸಿದ್ದರಿಂದ ಸೊರಗಿದವು. ಮುಖ ಒಬ್ಬಳದು, ಕಥೆ ಇನ್ನೊಬ್ಬಳದು. ಅವೆರಡರ ನಡುವೆ ನೋಡುಗನಿಗೆ ಬಿರುಕು ಕಾಣುತ್ತದೆ. ಇದೇ ರವಿವರ್ಮ ಬರೆದ ನೇರ ಭಾವಚಿತ್ರಗಳಲ್ಲಿ ಈ ಬಿರುಕಿಲ್ಲ. ಹಳದಣಕರ್ ಮಾಡಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮಗಳಿಗೆ ಲಕ್ಷ್ಮಿಯ ಕಿರೀಟ ತೊಡಿಸಲಿಲ್ಲ, ನಾಲ್ಕು ಕೈ ಕೊಡಲಿಲ್ಲ. ಹಬ್ಬದ ಸಂಜೆ ಮನೆಯ ಹೆಣ್ಣುಮಗಳು ಹೇಗಿರುತ್ತಾಳೋ ಹಾಗೇ ನಿಲ್ಲಿಸಿದರು. ಅವಳು ತಾನಾಗಿ ಇದ್ದುದರಿಂದಲೇ ಲಕ್ಷಾಂತರ ಜನ ಅವಳಲ್ಲಿ ತಮ್ಮ ಮನೆಯವರನ್ನು ಕಂಡರು.

ಆದರೂ ಕುಮಾರಸ್ವಾಮಿ, ಅವನೀಂದ್ರನಾಥ ಠಾಕೂರ್ ಅವರ ಪಕ್ಷದ ವಾದವನ್ನು ಇಷ್ಟು ಸುಲಭವಾಗಿ ಬಿಡುವಂತಿಲ್ಲ. ನೇರ ನೋಡಿ ಬರೆಯುವುದರ ವಿರುದ್ಧ ನಮ್ಮಲ್ಲಿ ಹುಟ್ಟಿದ ಅತ್ಯಂತ ಗಟ್ಟಿಯಾದ ವಾದ ಅದು. ಮಾಡೆಲ್ ಕೂರಿಸುವುದು ಯುರೋಪಿನ ಅಕಾಡೆಮಿಗಳ ಪದ್ಧತಿ. ಭಾರತದ ಚಿತ್ರಕಾರ ಧ್ಯಾನದಲ್ಲಿ ರೂಪವನ್ನು ಕಂಡು, ಆಮೇಲೆ ಕೈಗೆ ಇಳಿಸುತ್ತಾನೆ. ಹೊರಗಿನ ಮೈಯನ್ನು ನಕಲು ಮಾಡುವುದು ಅವನ ದಾರಿಯಲ್ಲ ಎಂಬುದು ಅದರ ಸಾರ. ಮೈಸೂರಿನ ಕೆ. ವೆಂಕಟಪ್ಪ (1886–1965) ಚಿತ್ರಗಾರ ಮನೆತನದಲ್ಲಿ ಹುಟ್ಟಿ, ನಾಲ್ವಡಿಯವರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥರ ಶಿಷ್ಯರಾಗಿ ಕಲಿತದ್ದು ಈ ಪಂಥವನ್ನೇ.

ಈ ವಾದದ ಪರವಾಗಿ ಮತ್ತೆ ಮತ್ತೆ ಮುಂದಿಡುವ ಸಾಕ್ಷಿಯೊಂದು ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲಿದೆ. ಅಗ್ನಿಮಿತ್ರ ಮೊದಲು ಮಾಲವಿಕೆಯ ಚಿತ್ರ ನೋಡುತ್ತಾನೆ, ಆಮೇಲೆ ಅವಳನ್ನೇ ನೋಡುತ್ತಾನೆ. ಚಿತ್ರ ಅವಳಿಗೆ ಸಾಟಿಯಾಗಿಲ್ಲವೆನ್ನಿಸಿ, ಬರೆದವನ ಸಮಾಧಿ ಸಡಿಲವಾಗಿತ್ತು ಎಂದುಕೊಳ್ಳುತ್ತಾನೆ. ಚಿತ್ರಕಲೆಗೆ ಏಕಾಗ್ರ ಧ್ಯಾನವೇ ಮೂಲ ಎಂಬುದಕ್ಕೆ ಇದು ಆಧಾರವೆಂದು ಪಂಡಿತರು ತೋರಿಸುತ್ತಾರೆ. ಪ್ರಸಂಗವನ್ನು ಇನ್ನೊಮ್ಮೆ ನೋಡೋಣ. ಸಮಾಧಿ ಸಡಿಲಿತ್ತು ಎಂದು ರಾಜನಿಗೆ ಗೊತ್ತಾದದ್ದು ಯಾವಾಗ? ಮಾಲವಿಕೆ ರಂಗಕ್ಕೆ ಬಂದು ಎದುರು ನಿಂತಾಗ. ಧ್ಯಾನ ಸರಿಯಿತ್ತೋ ಇಲ್ಲವೋ ಎಂದು ತೀರ್ಪು ಕೊಟ್ಟದ್ದು ಜೀವಂತ ಹೆಣ್ಣು. ಅವಳು ಬರದೇ ಹೋಗಿದ್ದರೆ ಚಿತ್ರಕಾರನ ಸೋಲು ಯಾರಿಗೂ ತಿಳಿಯುತ್ತಿರಲಿಲ್ಲ. ಧ್ಯಾನ ಬೇಡವೆಂದು ಕಾಳಿದಾಸ ಹೇಳುತ್ತಿಲ್ಲ. ಧ್ಯಾನಕ್ಕೂ ಎದುರೊಂದು ಸಾಕ್ಷಿ ಬೇಕು ಎಂಬುದು ಅವನ ನಾಟಕದಿಂದಲೇ ಹೊರಡುತ್ತದೆ.

ಕನ್ನಡ ನಾಡಿನದೇ ಇನ್ನೊಂದು ಆಧಾರವಿದೆ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಚಿತ್ರಗಳನ್ನು ವಿಂಗಡಿಸುವಾಗ, ಕನ್ನಡಿಯ ಬಿಂಬದಂತೆ ಹೋಲುವ ಚಿತ್ರಕ್ಕೆ ಒಂದು ವರ್ಗವನ್ನೇ ಕೊಡುತ್ತದೆ. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಹೆಸರಿನಲ್ಲಿ ಈ ಗ್ರಂಥದ ಭಾಗವನ್ನು ಆರ್. ಶಾಮಶಾಸ್ತ್ರಿಗಳು ಸಂಪಾದಿಸಿ 1926ರಲ್ಲಿ ಅಚ್ಚು ಹಾಕಿಸಿದ್ದು ಮೈಸೂರಿನಲ್ಲೇ. ವ್ಯಕ್ತಿಯನ್ನು ನೋಡಿ ಹೋಲಿಕೆ ಹಿಡಿಯುವುದು ಹಡಗಿನಲ್ಲಿ ಬಂದ ಪದ್ಧತಿ ಎನ್ನುವವರು ತಮ್ಮ ಊರಿನ ಪ್ರಾಚ್ಯ ಗ್ರಂಥಾಲಯದ ಕಪಾಟನ್ನೊಮ್ಮೆ ತೆಗೆದು ನೋಡಬಹುದಿತ್ತು.

ವೆಂಕಟಪ್ಪನವರ ಬದುಕೂ ಈ ವಾದವನ್ನು ಅರ್ಧದಲ್ಲೇ ಬಿಟ್ಟು ಮುಂದೆ ಸಾಗಿತು. ಧ್ಯಾನಪಂಥದಲ್ಲಿ ಪಳಗಿದ ಅವರು ಆಮೇಲೆ ಊಟಿಯ ಬೆಟ್ಟಗಳ ಎದುರು ಹೋಗಿ ನಿಂತರು. ಬೆಳಗಿನ ಮಂಜು, ಮಳೆ ನಿಂತ ಮೇಲಿನ ಹಸುರು, ಇಳಿಹೊತ್ತಿನ ನೆರಳು ಎಲ್ಲವನ್ನೂ ಅವರ ಜಲವರ್ಣಗಳು ಎಂಥ ನಿಖರತೆಯಿಂದ ಹಿಡಿದಿವೆ ಎಂದರೆ, ಹೊತ್ತು ಯಾವುದೆಂದು ನೋಡಿದವರು ಹೇಳಬಲ್ಲರು. ಮೈಸೂರು ಅರಮನೆಗಾಗಿ ಗಾರೆಯಲ್ಲಿ ಉಬ್ಬುಶಿಲ್ಪಗಳನ್ನೂ ಮಾಡಿದರು. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತ ಈ ಮನುಷ್ಯನಿಗೆ ಸಾಧನೆ ಎಂದರೇನೆಂದು ಗೊತ್ತಿತ್ತು: ಎದುರಿಗಿರುವುದನ್ನು ಕಿವಿ ಕಣ್ಣು ಬಿಟ್ಟು ಗಮನಿಸುವುದು, ಮತ್ತೆ ಮತ್ತೆ.

ನೆನಪಿನಿಂದ ಬರೆಯುವುದು, ನೋಡಿ ಬರೆಯುವುದು ಇವೆರಡು ಶತ್ರುಗಳಲ್ಲ ಎನ್ನಲು ಆರ್.ಕೆ. ಲಕ್ಷ್ಮಣ್ ಅವರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ಸೇರಿಸಿಕೊಳ್ಳುವಷ್ಟು ಪ್ರತಿಭೆ ಇಲ್ಲವೆಂದು ಉತ್ತರ ಬಂತು. ಮಹಾರಾಜ ಕಾಲೇಜಿನಲ್ಲಿ ಬಿ.ಎ. ಓದಿದರು. ಹುಡುಗನಾಗಿದ್ದಾಗ ಕೋಣೆಯ ಕಿಟಕಿಯಿಂದ ಕಂಡದ್ದನ್ನೆಲ್ಲ, ಒಣಕಡ್ಡಿ, ಎಲೆ, ಸೌದೆ ಒಡೆಯುವ ಆಳು, ಎದುರು ಮನೆಯ ಮಾಳಿಗೆಯ ಮೇಲೆ ಬಗೆಬಗೆಯಾಗಿ ಕೂತ ಕಾಗೆಗಳನ್ನು ಗೀಚುತ್ತಿದ್ದುದನ್ನು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಮುಂದೆ ದಶಕಗಟ್ಟಲೆ ದಿನಕ್ಕೊಂದರಂತೆ ಮಂತ್ರಿ, ಗುಮಾಸ್ತ, ಪೋಲೀಸಿನವನನ್ನು ಯಾರನ್ನೂ ಎದುರು ಕೂರಿಸದೆ ಬರೆದರು. ಕುರ್ಚಿಯಲ್ಲಿ ಕುಸಿದು ಕೂತವನ ಬೆನ್ನು ಹೇಗೆ ಬಾಗುತ್ತದೆ, ಕೊಡೆ ಹಿಡಿದ ಮುದುಕನ ಮೊಣಕೈ ಎಲ್ಲಿರುತ್ತದೆ ಎಂಬುದು ಅವರ ಕೈಗೆ ಬಂದದ್ದು ಮೈಸೂರಿನ ಬೀದಿ ಮತ್ತು ಮಾಳಿಗೆಗಳಿಂದ. ನೆನಪೆಂಬುದು ಖಾಲಿಯಿದ್ದರೆ ಧ್ಯಾನಕ್ಕೆ ಕೂತವನಿಗೆ ಕಾಣುವುದು ಬೇರೆಯವರ ಚಿತ್ರಗಳೇ. ಅದನ್ನು ತುಂಬುವ ದಾರಿ ಎದುರಿಗಿರುವುದನ್ನು ನೋಡುವುದೊಂದೇ.

ಎರಡನೆಯ ಆಕ್ಷೇಪಣೆ ಕ್ಯಾಮೆರಾದ ಕಡೆಯಿಂದ ಬರುತ್ತದೆ. ಕ್ಷಣದಲ್ಲಿ ಹೋಲಿಕೆ ಹಿಡಿಯುವ ಯಂತ್ರವಿರುವಾಗ ಮನುಷ್ಯನನ್ನು ಮೂರು ಗಂಟೆ ಕೂರಿಸುವುದೇಕೆ? ಮೈಸೂರು ಅರಮನೆಯ ಕಲ್ಯಾಣ ಮಂಟಪದ ಗೋಡೆಗಳೇ ಈ ಪ್ರಶ್ನೆಯನ್ನು ಎತ್ತುತ್ತವೆ. ಅಲ್ಲಿರುವ 26 ದಸರಾ ಮೆರವಣಿಗೆಯ ಚಿತ್ರಗಳನ್ನು 1934ರಿಂದ 1945ರ ನಡುವೆ ಕೆ. ಕೇಶವಯ್ಯ, ವೈ. ಸುಬ್ರಹ್ಮಣ್ಯರಾಜು, ವೈ. ನಾಗರಾಜು ಮೊದಲಾದ ಕಲಾವಿದರು ಬರೆದರು. ಅಂಬಾರಿ, ಕುದುರೆ ದಂಡು, ರುಮಾಲಿನ ಅಧಿಕಾರಿಗಳು, ರಸ್ತೆಯ ಇಕ್ಕೆಲದ ಜನ, ಎಲ್ಲಕ್ಕೂ ಫೋಟೋಗಳು ಆಧಾರ. ಹಾಗಿದ್ದರೂ ಅವು ಒಣಗಿಲ್ಲವೇಕೆ? ನನಗೆ ಕಾಣುವ ಕಾರಣ ಇದು. ಫೋಟೋ ಅವರಿಗೆ ಟಿಪ್ಪಣಿ ಪುಸ್ತಕವಾಗಿತ್ತು, ಕಣ್ಣಿನ ಬದಲಿಯಾಗಿರಲಿಲ್ಲ. ಆ ಮುಖಗಳ ಒಡೆಯರು ಅದೇ ಊರಿನಲ್ಲಿ ಓಡಾಡುತ್ತಿದ್ದರು. ಕಪ್ಪುಬಿಳುಪಿನ ಫೋಟೋದಲ್ಲಿ ಇಲ್ಲದ ಮೈಬಣ್ಣ, ಜರಿಯ ಹೊಳಪು, ಅಕ್ಟೋಬರಿನ ಇಳಿಬಿಸಿಲು, ಇವೆಲ್ಲ ಬಂದದ್ದು ವರ್ಷವರ್ಷವೂ ಕಂಡ ದಸರೆಯಿಂದಲೇ ಇರಬೇಕು. ಫೋಟೋ ಇಟ್ಟುಕೊಂಡು ಒಳ್ಳೆಯ ಚಿತ್ರ ಬರೆಯಬಲ್ಲವನು, ಫೋಟೋ ಇಲ್ಲದೆಯೂ ನೋಡಿ ಕಲಿತವನು.

ಕ್ಯಾಮೆರಾಗೆ ಒಂದೇ ಕಣ್ಣು. ಮೊಬೈಲನ್ನು ಕೈಯಳತೆಯಲ್ಲಿ ಹಿಡಿದರೆ ಮೂಗು ದಪ್ಪವಾಗುತ್ತದೆ, ಕಿವಿ ಹಿಂದಕ್ಕೆ ಸರಿಯುತ್ತದೆ. ನೆರಳಿನ ಭಾಗ ಒಂದೋ ಮಸಿಯಾಗುತ್ತದೆ, ಇಲ್ಲವೇ ಯಂತ್ರವೇ ಅದನ್ನು ಬೆಳ್ಳಗೆ ಮಾಡಿಕೊಡುತ್ತದೆ. ನಮ್ಮ ಮೈಬಣ್ಣದ ವಿಚಾರದಲ್ಲಿ ಈ ದೋಷ ಎದ್ದು ಕಾಣುತ್ತದೆ. ಕಂದು ಚರ್ಮ ಎಂದರೆ ಒಂದೇ ಕಂದಲ್ಲ. ನೆರಳಿನಲ್ಲಿ ಅದು ಹಸುರಿಗೋ ನೀಲಿಗೋ ತಿರುಗುತ್ತದೆ, ಗದ್ದದ ಕೆಳಗೆ ಸೀರೆಯ ಬಣ್ಣವನ್ನು ಹೊತ್ತುಕೊಳ್ಳುತ್ತದೆ, ಹಣೆಯ ಮೇಲೆ ಆಕಾಶದ ತಂಪು ಬೆಳಕು ಬಿದ್ದು ಬೂದುಗಟ್ಟುತ್ತದೆ. ‘ಫ್ಲೆಶ್ ಟಿಂಟ್’ ಎಂದು ಅಂಗಡಿಯಲ್ಲಿ ಸಿಗುತ್ತಿದ್ದ ಬಣ್ಣದ ಟ್ಯೂಬು ತಿಳಿಗುಲಾಬಿಯದು. ಮೈಸೂರಿನ ಯಾವ ಮುಖಕ್ಕೂ ಅದು ಹೊಂದದು. ಫೋಟೋ ನೋಡಿಯೇ ಕಲಿತ ಹುಡುಗರು ಬರ್ನ್ಟ್ ಸಿಯೆನ್ನಾಕ್ಕೆ ಬಿಳಿ ಬೆರೆಸಿ ಮುಖಕ್ಕೆ ಸುಣ್ಣ ಬಳಿದಂತೆ ಮಾಡುತ್ತಾರೆ. ಜನರನ್ನು ಕೂರಿಸಿ ಬರೆದವರಿಗಷ್ಟೇ ಆ ಕಂದಿನೊಳಗಿನ ಹಸುರು, ನೇರಳೆಗಳು ಸಿಗುತ್ತವೆ. ಹಳದಣಕರ್ ಬರೆದ ಬೆರಳಂಚಿನ ಕೆಂಪು, ರಕ್ತ ಹರಿಯುವ ಕೈಯ ಹಿಂದೆ ನಿಜವಾದ ದೀಪವಿಟ್ಟು ನೋಡಿದವನ ಕೆಂಪು.

ಬಣ್ಣಕ್ಕಿಂತ ದೊಡ್ಡದು ಹೊತ್ತು. ಮಾಡೆಲ್ ಕೂತ ಮೊದಲ ಕಾಲುಗಂಟೆ ಮುಖ ಬಿಗಿದಿರುತ್ತದೆ. ಫೋಟೋಗೆ ಕೊಡುವ ಮುಖ ಅದು. ಆಮೇಲೆ ಬಿಗಿ ಸಡಿಲುತ್ತದೆ, ಒಂದು ಭುಜ ಇಳಿಯುತ್ತದೆ, ಕಣ್ಣು ಒಳಕ್ಕೆ ತಿರುಗುತ್ತದೆ, ಮನೆಯ ಯೋಚನೆ ಬರುತ್ತದೆ. ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೊಮ್ಮೆ ಎದ್ದು ಕೈಕಾಲು ಆಡಿಸಬೇಕು. ಪಾದ ಇದ್ದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮತ್ತೆ ಅಲ್ಲೇ ಬಂದು ಕೂರಬೇಕು. ಎಷ್ಟೇ ಗುರುತು ಹಾಕಿದರೂ ಎರಡನೆಯ ಸಲ ಕೂತವರು ಮೊದಲಿನವರೇ ಆಗಿರುವುದಿಲ್ಲ. ಚಿತ್ರಕಾರ ಕಣ್ಣು ಕಿರಿದಾಗಿಸಿ, ಪೆನ್ಸಿಲನ್ನು ಚಾಚಿ ಅಳೆದು, ಬರೆದದ್ದನ್ನು ಅಳಿಸಿ ಮತ್ತೆ ಬರೆಯುತ್ತಾನೆ. ಹೀಗೆ ತಿದ್ದಿಕೊಳ್ಳುತ್ತಾ ಹೋದ ಗೆರೆಗಳಲ್ಲಿ ಒಂದು ಕ್ಷಣದ ಮುಖ ಇರುವುದಿಲ್ಲ, ಹಲವು ಹೊತ್ತಿನ ಮುಖಗಳು ಸೇರಿ ಆದ ಒಬ್ಬ ವ್ಯಕ್ತಿ ಇರುತ್ತಾನೆ.

ಪ್ಯಾರಿಸ್ಸಿನ ಕಲಾವ್ಯಾಪಾರಿ ವೊಲಾರ್ 1899ರಲ್ಲಿ ಸೆಜಾನ್‌ಗೆ 115 ಸಲ ಕೂತನಂತೆ. ಒಮ್ಮೆ ತೂಕಡಿಸಿ ಕುರ್ಚಿಯಿಂದ ಉರುಳಿದಾಗ, ಸೇಬುಹಣ್ಣು ಅಲ್ಲಾಡುತ್ತದೆಯೇ ಎಂದು ಸೆಜಾನ್ ಗದರಿದರಂತೆ. ಅಷ್ಟೆಲ್ಲ ಆದ ಮೇಲೆ ತೃಪ್ತಿಯಾದದ್ದು ಅಂಗಿಯ ಎದೆಭಾಗ ಮಾತ್ರ ಎಂದರಂತೆ. ಸೆಜಾನ್ ದೊಡ್ಡವರು, ಆದರೆ ಅವರ ಗದರಿಕೆಯನ್ನು ನಾನು ಒಪ್ಪಲಾರೆ. ಸೇಬಿಗೂ ವೊಲಾರ್‌ಗೂ ಇರುವ ವ್ಯತ್ಯಾಸವೇ ವ್ಯಕ್ತಿಚಿತ್ರದ ಸತ್ವ. ಅಲ್ಲಾಡುವ, ದಣಿಯುವ, ಬೇಸರಪಡುವ, ಸಾಕು ಎಂದು ಎದ್ದು ಹೋಗಬಲ್ಲ ಹಕ್ಕು ಎದುರಿಗಿರುವವರಿಗೆ ಇದ್ದಾಗಲೇ ಚಿತ್ರಕಾರ ಮೈಯೆಲ್ಲ ಕಣ್ಣಾಗುತ್ತಾನೆ. ಫೋಟೋ ಎಷ್ಟು ಹೊತ್ತಾದರೂ ಕಾಯುತ್ತದೆ, ಏನು ಮಾಡಿದರೂ ಸಹಿಸುತ್ತದೆ. ಅದರ ಎದುರು ಚಿತ್ರಕಾರನಿಗೆ ಸಂಕೋಚವೂ ಇಲ್ಲ, ಹೊಣೆಯೂ ಇಲ್ಲ.

ಹಾಗೆಂದು ಛಾಯಾಗ್ರಹಣವನ್ನೇ ಕೀಳುಗಳೆಯುವುದು ಅನ್ಯಾಯ. ಮೈಸೂರಿನವರೇ ಆದ ಟಿ.ಎಸ್. ಸತ್ಯನ್ (1923–2009) ಕೃತಕ ಬೆಳಕಿನ ಹಂಗಿಗೆ ಹೋಗದೆ, ಸಾಮಾನ್ಯ ಜನರ ನಡುವೆ ಇದ್ದು, ಅವರು ಕ್ಯಾಮೆರಾವನ್ನು ಮರೆಯುವವರೆಗೆ ಕಾದು ತೆಗೆದ ಚಿತ್ರಗಳು ಎಷ್ಟೋ ತೈಲಚಿತ್ರಗಳಿಗಿಂತ ಜೀವಂತವಾಗಿವೆ. ಅವರೂ ಎದುರಿಗಿದ್ದವರಿಗೆ ಹೊತ್ತು ಕೊಟ್ಟರು. ನನ್ನ ತಕರಾರು ಯಂತ್ರದ ಮೇಲಲ್ಲ. ಎದುರಿಗೆ ಯಾರೂ ಇಲ್ಲದೆ, ಮೊಬೈಲಿಗೆ ಬಂದ ಒಂದು ಫೋಟೋ ನೋಡಿ, ಅಚ್ಚು ಹೊಡೆದಂತೆ ಭಾವಚಿತ್ರ ಮಾಡಿಕೊಡುವ ಪದ್ಧತಿಯ ಮೇಲೆ. ಈಗಂತೂ ಆ ಕೆಲಸವನ್ನು ಕಂಪ್ಯೂಟರ್ ಇನ್ನೂ ಬೇಗ, ಇನ್ನೂ ನುಣ್ಣಗೆ ಮಾಡುತ್ತದೆ. ಫೋಟೋದ ನಕಲನ್ನೇ ಕಸುಬಾಗಿ ನಂಬಿದ ಚಿತ್ರಕಾರನಿಗೆ ಆ ಪೈಪೋಟಿಯಲ್ಲಿ ಗೆಲುವಿಲ್ಲ. ಎದುರು ಒಬ್ಬರನ್ನು ಕೂರಿಸಿಕೊಂಡು ಅವರೊಡನೆ ಹೊತ್ತು ಕಳೆಯುವುದು ಮಾತ್ರ ಅವನ ಕೈಯಲ್ಲೇ ಉಳಿಯುತ್ತದೆ.

ನಮ್ಮಲ್ಲಿ ಭಾವಚಿತ್ರಕ್ಕೆ ಅಂಟಿಕೊಂಡ ಇನ್ನೊಂದು ಪಾಡೂ ಇದೆ. ಭಾವಚಿತ್ರ ಎಂದ ಕೂಡಲೇ ನಮಗೆ ನೆನಪಾಗುವುದು ಹಾರ. ಮನೆಯ ಹಿರಿಯರು ಸತ್ತ ಮೇಲೆ ಹಳೆಯ ಗುರುತಿನ ಚೀಟಿಯ ಫೋಟೋ ಹುಡುಕಿ ದೊಡ್ಡದು ಮಾಡಿಸುತ್ತೇವೆ. ಕಾಲೇಜು, ಕಚೇರಿ, ಸಭಾಂಗಣಗಳ ಗೋಡೆಗಳ ಮೇಲಿನ ಮಹನೀಯರೂ ಬಹುಪಾಲು ಹೀಗೆ ಬಂದವರೇ. ಬದುಕಿದ್ದಾಗ ಅರ್ಧ ದಿನ ಎದುರು ಕೂರಿಸಿ ಬರೆಸುವ ಯೋಚನೆ ಯಾರಿಗೂ ಹೊಳೆಯುವುದಿಲ್ಲ. ಅದು ಅರಸರಿಗೆ, ದಿವಾನರಿಗೆ ತಕ್ಕ ಬಾಬ್ತು ಎಂಬ ಭಾವನೆ ಇನ್ನೂ ಹೋಗಿಲ್ಲ. ಬದುಕಿರುವ ಸಾಮಾನ್ಯನೊಬ್ಬನ ಮುಖ ಬರೆಯಲು ಯೋಗ್ಯ ಎನ್ನುವುದು ನಮ್ಮಲ್ಲಿ ಇನ್ನೂ ಪೂರ್ತಿ ಬೇರೂರದ ಪ್ರಜಾಪ್ರಭುತ್ವದ ವಿಚಾರ.

ಆ ವಿಚಾರಕ್ಕೆ ನೆಲೆ ಕೊಟ್ಟದ್ದು, ತಮಗೆ ಅರಿವಿಲ್ಲದೆಯೇ, ಕಲಾಶಾಲೆಗಳು. ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ 1906ರಲ್ಲಿ ಅಂದಿನ ವೇಲ್ಸ್ ರಾಜಕುಮಾರರು ಅಡಿಗಲ್ಲಿಟ್ಟರು. 1980ರ ದಶಕದ ಆರಂಭದಲ್ಲಿ ‘ಕಾವಾ’, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಶುರುವಾದಾಗ ಅದರ ರೂಪರೇಖೆಯಲ್ಲಿ ಸ್ವೆತೊಸ್ಲಾವ್ ರೋರಿಕ್ ಅವರ ಸಲಹೆ ಇತ್ತು. ರೋರಿಕ್ ಸ್ವತಃ ವ್ಯಕ್ತಿಚಿತ್ರಗಳ ಕಲಾವಿದ. ಹೆಂಡತಿ ದೇವಿಕಾ ರಾಣಿಯವರನ್ನೂ ತಂದೆ ನಿಕೊಲಸ್ ಅವರನ್ನೂ ಮತ್ತೆ ಮತ್ತೆ ಬರೆದವರು. ಒಂದೇ ಮುಖ ಎಷ್ಟು ಸಲ ಬರೆದರೂ ಮುಗಿಯದು ಎಂಬ ಪಾಠ ಆ ಚಿತ್ರಗಳಲ್ಲಿದೆ.

ಇಂಥ ಶಾಲೆಗಳ ಪೋರ್ಟ್ರೇಟ್ ತರಗತಿ, ಲೈಫ್ ತರಗತಿಗಳಿಗೆ ಮಾಡೆಲ್ ಆಗಿ ಬರುವವರು ಹೆಚ್ಚಾಗಿ ದಿನಗೂಲಿಯವರು, ವಯಸ್ಸಾದವರು, ಬೇರೆ ದುಡಿಮೆಗೆ ಮೈ ಒಗ್ಗದವರು. ಅವರ ಮುಖಗಳ ನೂರಾರು ಚಿತ್ರಗಳು ವಿದ್ಯಾರ್ಥಿಗಳ ಕಡತಗಳಲ್ಲಿವೆ. ‘ಮುದುಕ’, ‘ಕುಳಿತ ಹೆಂಗಸು’, ‘ಅಧ್ಯಯನ’ ಎಂಬ ಶೀರ್ಷಿಕೆಗಳಡಿ ಹೆಸರಿಲ್ಲದೆ ಬಿದ್ದಿವೆ. ಅಮೃತಾ ಶೇರ್‌ಗಿಲ್ 1933ರಲ್ಲಿ ಪ್ಯಾರಿಸ್ಸಿನಲ್ಲಿ ಬರೆದ ‘ಪ್ರೊಫೆಷನಲ್ ಮಾಡೆಲ್’ ಚಿತ್ರದಲ್ಲಿ ದುಡಿದು ಸೋತ ಮೈಯಿದೆ. ಕೂರುವುದನ್ನೇ ಕಸುಬು ಮಾಡಿಕೊಂಡವಳ ದಣಿವನ್ನು ಅವರು ವೀನಸ್ಸಿನ ವೇಷದಲ್ಲಿ ಮುಚ್ಚಲಿಲ್ಲ, ಶೀರ್ಷಿಕೆಯಲ್ಲೇ ಕಸುಬನ್ನು ಹೇಳಿದರು. ಹೆಸರು ಅಲ್ಲೂ ಬರಲಿಲ್ಲ. ಒಂದು ಹೆಜ್ಜೆ ಇಟ್ಟಾಗಿತ್ತು, ಇನ್ನೊಂದು ಬಾಕಿ ಇತ್ತು.

ಹೆಂಗಸರ ವಿಚಾರದಲ್ಲಿ ಕಷ್ಟ ಇನ್ನೂ ಹೆಚ್ಚು. ಮಾಡೆಲ್ ಆಗಿ ಕೂರುವುದನ್ನು ನಾಲ್ಕು ಜನ ಏನೆನ್ನುತ್ತಾರೋ ಎಂಬ ಅಂಜಿಕೆ, ಕಡಿಮೆ ಕೂಲಿ, ಬಟ್ಟೆ ಬದಲಿಸಲು ಸರಿಯಾದ ಕೋಣೆ ಇಲ್ಲದಿರುವುದು, ತರಗತಿಯಲ್ಲಿ ಮೊಬೈಲ್ ಕ್ಯಾಮೆರಾದ ಭಯ. ಹೀಗಾಗಿ ಎಷ್ಟೋ ವಿದ್ಯಾರ್ಥಿಗಳು ಹೆಣ್ಣಿನ ದೇಹರಚನೆಯನ್ನು ಕಲಿಯುವುದು ಪರದೇಶದ ಪುಸ್ತಕ, ಜಾಲತಾಣಗಳ ಚಿತ್ರಗಳಿಂದ. ಅವರು ಬರೆಯುವ ಮೈಸೂರಿನ ಹೂವಾಡಗಿತ್ತಿಯ ಸೀರೆಯೊಳಗೆ ಇಟಲಿಯ ಮೈ ನಿಂತಿರುತ್ತದೆ. ತಪ್ಪು ವಿದ್ಯಾರ್ಥಿಗಳದ್ದಲ್ಲ. ಎದುರು ಕೂರುವವರಿಗೆ ಮರ್ಯಾದೆ ಕೊಡದ ವ್ಯವಸ್ಥೆ ಅದಕ್ಕೆ ತಕ್ಕ ಕಲೆಯನ್ನೇ ಪಡೆಯುತ್ತದೆ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಇಂದಿನ ಕಲೆ ಹೋಲಿಕೆಯನ್ನು ದಾಟಿ ಎಲ್ಲಿಗೋ ಹೋಗಿರುವಾಗ, ಕೂರಿಸಿ ಬರೆಯುವ ಹಳೆಯ ಅಭ್ಯಾಸ ಯಾರಿಗೆ ಬೇಕು? ಹೋಲಿಕೆಯೇ ಗುರಿಯಾಗಿದ್ದರೆ ಬೇಡವೆನ್ನಬಹುದಿತ್ತು. ನಾನು ಹೇಳುತ್ತಿರುವುದು ಹೋಲಿಕೆಯ ಪರವಾದ ಮಾತಲ್ಲ. ತನ್ನ ಕಲ್ಪನೆಗೆ ಎದುರಾಡಬಲ್ಲ ಒಂದು ಜೀವದ ಮುಂದೆ ದಿನವೂ ಕೂತು, ದಿನವೂ ತಪ್ಪಿ, ತಿದ್ದಿಕೊಳ್ಳುವ ಕಲಾವಿದ ಮುಂದೆ ಅಮೂರ್ತವನ್ನೇ ಬರೆಯಲಿ, ವ್ಯಂಗ್ಯಚಿತ್ರವನ್ನೇ ಬರೆಯಲಿ, ಅವನ ಗೆರೆಯಲ್ಲಿ ಅಹಂಕಾರ ಕಡಿಮೆ ಇರುತ್ತದೆ. ತನ್ನ ಶೈಲಿಯನ್ನು ಬೇಗ ಕಂಡುಕೊಂಡು, ಎಲ್ಲ ಮುಖಗಳನ್ನೂ ಅದೇ ಅಚ್ಚಿಗೆ ಸುರಿಯುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರ ಚಿತ್ರಗಳಲ್ಲಿ ನೂರು ಜನರಿದ್ದರೂ ಕಾಣುವವನು ಒಬ್ಬನೇ, ಬರೆದವನು.

ಹಾಗಾದರೆ ಮಾಡಬೇಕಾದ್ದೇನು? ದೊಡ್ಡ ಯೋಜನೆ ಬೇಕಿಲ್ಲ. ಕಲಾಶಾಲೆಗಳು ಮಾಡೆಲ್‌ಗಳಿಗೆ ನುರಿತ ಕೆಲಸಗಾರರ ಕೂಲಿ ಕೊಡಲಿ, ಹೆಂಗಸರಿಗೆ ಭದ್ರವಾದ ಏರ್ಪಾಡು ಮಾಡಲಿ. ಕೂತವರು ಒಪ್ಪಿದರೆ ಚಿತ್ರದ ಹಿಂಬದಿಯಲ್ಲಿ ಅವರ ಹೆಸರು, ಕಸುಬು, ಊರು, ತಾರೀಖು ಬರೆಯುವುದನ್ನು ಮೊದಲ ವರ್ಷದಿಂದಲೇ ಕಲಿಸಲಿ, ಬೇಡವೆಂದರೆ ಬಿಡಲಿ. ಬರೆದ ಹತ್ತು ಅಧ್ಯಯನಗಳಲ್ಲಿ ಒಂದನ್ನು ಕೂತವರಿಗೇ ಕೊಟ್ಟುಬಿಡುವ ರೂಢಿ ಬರಲಿ. ದಸರಾ ಕಲಾಪ್ರದರ್ಶನದಲ್ಲಿ ದೇವರಾಜ ಮಾರುಕಟ್ಟೆಯ ವ್ಯಾಪಾರಿಗಳನ್ನು, ಟಾಂಗಾ ಓಡಿಸುವವರನ್ನು, ಪೌರಕಾರ್ಮಿಕರನ್ನು ನೇರ ನೋಡಿ ಬರೆದ ಭಾವಚಿತ್ರಗಳಿಗೆ ಒಂದು ವಿಭಾಗವಿರಲಿ. ಅರಮನೆಯ ಗೋಡೆಯ ಮೇಲೆ ಮೆರವಣಿಗೆ ನೋಡುತ್ತ ನಿಂತ ಜನಸಾಮಾನ್ಯರಿಗೂ ಒಬ್ಬೊಬ್ಬರಾಗಿ ಚೌಕಟ್ಟು ಸಿಗಲಿ. ಜಗನ್ಮೋಹನದಂಥ ಕಡೆ ಫಲಕ ಬರೆಯುವವರು ಚಿತ್ರಕಾರನ ಹೆಸರಿನ ಜೊತೆಗೆ, ತಿಳಿದಿರುವಷ್ಟು ಮಟ್ಟಿಗೆ, ಎದುರಿಗಿದ್ದವರ ಹೆಸರನ್ನೂ ಕನ್ನಡದಲ್ಲಿ ಬರೆಯಲಿ.

ಇವೆಲ್ಲ ಕಲಾವಿದರ ಹಿರಿಮೆಯನ್ನು ತಗ್ಗಿಸುವ ಕ್ರಮಗಳೆಂದು ಯಾರಾದರೂ ಭಾವಿಸಿದರೆ ಅವರಿಗೆ ವ್ಯಕ್ತಿಚಿತ್ರ ಎಂದರೇನೆಂದು ತಿಳಿದಿಲ್ಲ. ಇನ್ನೊಬ್ಬರ ಪಾಲನ್ನು ಒಪ್ಪಿಕೊಂಡ ಕಲಾವಿದನಿಗೆ ತನ್ನ ಪಾಲು ಎಷ್ಟು ಕಷ್ಟದ್ದೆಂದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ: ಎದುರಿಗಿರುವವರು ತನ್ನವರಲ್ಲ, ತನ್ನ ಹಾಗಿಲ್ಲ, ತನ್ನ ಮಾತು ಕೇಳಬೇಕಿಲ್ಲ ಎಂದು ಗೊತ್ತಿದ್ದೂ, ಅವರನ್ನು ಅವರಂತೆಯೇ ಕಾಣಲು ಹೆಣಗುವುದು. ಆ ಹೆಣಗಾಟಕ್ಕೆ ಬಾಳನ್ನು ಕೊಟ್ಟವರನ್ನು ನಾವು ಹಳೆಯ ಕಾಲದವರೆಂದು ಪಕ್ಕಕ್ಕಿಡುತ್ತಿದ್ದೇವೆ. ಒಬ್ಬರನ್ನೊಬ್ಬರು ಎರಡು ಸೆಕೆಂಡಿನ ಮೇಲೆ ನೋಡದ ಈ ಕಾಲದಲ್ಲಿ ಅವರ ಅಭ್ಯಾಸ ಚಿತ್ರಕಾರರಿಗೆ ಮಾತ್ರ ಬೇಕಾದದ್ದೆಂದು ನನಗನ್ನಿಸುವುದಿಲ್ಲ.